ಪಳಗಿಸುವ ಹೊತ್ತು

ಟಕ್, ಟಕ್, ಟಕ್. ಪುಟ್ಟ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಚೂರು ಹೊಗೆಸೊಪ್ಪು ಸೇರಿಸಿ ಕುಟ್ಟುವ ಸದ್ದು. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಆ ಬೀದಿಯಲ್ಲಿ ಮಧ್ಯಾಹ್ನ ಊಟವಾಗಿ ಎಲ್ಲ ಅಡಗಿದ ಮೇಲೂ ಅದೊಂದು ಕೇಳುತ್ತಿತ್ತು. ಕುಟ್ಟುತ್ತಿದ್ದವಳು ಮನೆಯೊಡತಿ ಮುನಿಕೆಂಪಮ್ಮಜ್ಜಿ. ಹಲ್ಲು ಹೋಗಿ ಬಹಳ ಕಾಲವಾಗಿತ್ತು, ಎಲೆಅಡಿಕೆಯ ಆಸೆ ಹೋಗಿರಲಿಲ್ಲ. ಅವಳು ಕೂರುತ್ತಿದ್ದದ್ದು ತನ್ನ ಜಗಲಿಯ ಮೇಲಲ್ಲ. ಹಿತ್ತಲಿನ ಶೀಟಿನ ಶೆಡ್ಡಿನ ಹೊಸ್ತಿಲ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು. ಒಳಗೆ ಸಂಗವ್ವ ಕೆಲಸ ಮಾಡುತ್ತಿದ್ದಳು.

ಸಂಗವ್ವ ತಂಬಾಕು ಸೇದುವ ಪೈಪುಗಳನ್ನು ಕೈಯಿಂದ ಮಾಡುತ್ತಿದ್ದಳು, ಹಳೆಯವನ್ನು ರಿಪೇರಿ ಮಾಡುತ್ತಿದ್ದಳು. ಬೀದಿಯವರಿಗೆ ಪೈಪು ಎಂದರೆ ನೀರಿನದು. ನಲ್ಲಿ ಸೋರಿದರೆ ಅವಳ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವರಿಗೂ ಒಂದು ವಾಷರ್ ಹಾಕಿಕೊಟ್ಟು ಕಳಿಸುತ್ತಿದ್ದಳು. ಅದೇ ಕಾಂಪೌಂಡಿನ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ರಜೆಯ ದಿನ ಆ ಶೆಡ್ಡಿನಲ್ಲಿ ಕೂತು ಕೇಳಿದ್ದು, ಉಳಿದ ದಿನ ಮೇಲಿನಿಂದ ಕಂಡದ್ದು, ಎರಡೂ ಇಲ್ಲಿವೆ.

ಅವಳ ಗಂಡ ನಾಗಲಿಂಗಪ್ಪ ಕಲಘಟಗಿ ಕಡೆಯವನು. ಮರದ ತೊಟ್ಟಿಲು ಮಾಡುವ ಮನೆತನ. ಗಂಡಸರು ಲೇತಿನಲ್ಲಿ ತೊಟ್ಟಿಲ ಕಾಲು ತಿರುವಿದರೆ, ತಿರುಗುವ ಮರಕ್ಕೆ ಕೆಂಪು, ಹಳದಿ ಅರಗು ಒತ್ತಿ ಕೇದಗೆಯ ಗರಿಯಿಂದ ಮೆರುಗು ತರುವುದು ಸೊಸೆಯಂದಿರ ಕೆಲಸ. ಆಮೇಲೆ ನಾಗಲಿಂಗಪ್ಪನಿಗೆ ಯಲಹಂಕದ ಕಾರ್ಖಾನೆಯೊಂದರಲ್ಲಿ ಮರಗೆಲಸ ಸಿಕ್ಕಿತು, ಸಂಗವ್ವ ಅವನ ಹಿಂದೆ ಬಂದಳು. ವಾಯುಪಡೆಯಿಂದ ನಿವೃತ್ತರಾದ ವಿಶ್ವನಾಥ ಎಂಬುವರು ಒಮ್ಮೆ ತಮ್ಮ ಮುರಿದ ಪೈಪು ತಂದುಕೊಟ್ಟು, “ಇಂಥದೊಂದು ಮಾಡ್ಕೊಡ್ತೀಯೇನಯ್ಯಾ” ಎಂದರು. ಅವನು ಹುಣಸೆ ಬೇರಿನ ಗಂಟು ಕೊರೆದು ಮಾಡಿದ. ಹೆಂಡತಿ ತನಗೆ ತಿಳಿದಂತೆ ಅದಕ್ಕೆ ಅರಗು ಹಚ್ಚಿದಳು, ಕೆಂಪು ಮೈ, ಹಳದಿ ಪಟ್ಟಿ, ತೊಟ್ಟಿಲಿನ ಹಾಗೆ. ವಿಶ್ವನಾಥರು ತಂಬಾಕು ತುಂಬಿ ಹೊತ್ತಿಸಿದರು. ಬಟ್ಟಲು ಕಾದು ಅರಗು ಕರಗಿ, ಪೈಪು ಅವರ ಬೆರಳಿಗೆ ಅಂಟಿಕೊಂಡಿತು.

“ಆ ಮನಶ್ಯಾ ಕೈ ಝಾಡಿಸಿದ್ದೇ ಝಾಡಿಸಿದ್ದು, ಪೈಪು ಬಿಡವಲ್ದು,” ಎಂದು ಸಂಗವ್ವ ನಗುತ್ತಿದ್ದಳು. “ನಮಗೇನು ಗೊತ್ರೀ. ತೊಟ್ಟಲದಾಗ ಬೆಂಕಿ ಇಡ್ತಾರೇನು ಯಾರರ?”

ವಿಶ್ವನಾಥರು ಬೈಯಲಿಲ್ಲ. ಅರಗಿನ ಬದಲು ಮೇಣ ಹಚ್ಚಬೇಕೆಂದು ತಿಳಿಸಿ, ತಮ್ಮ ಗೆಳೆಯರ ಪೈಪುಗಳನ್ನೂ ತಂದರು. ಕಾರ್ಖಾನೆಯ ಕೆಲಸ ಬಿಟ್ಟ ನಾಗಲಿಂಗಪ್ಪ ಮುನಿಕೆಂಪಮ್ಮಜ್ಜಿಯ ಹಿತ್ತಲಲ್ಲಿ ಲೇತ್ ಹೂಡಿದ. ಅದು ಆಯುಧಪೂಜೆಯ ದಿನ. ಆಗ ಬದುಕಿದ್ದ ಅಜ್ಜಿಯ ಗಂಡ ಮುನಿಯಲ್ಲಪ್ಪ ಲೇತಿಗೆ ಕುಂಬಳಕಾಯಿ ಒಡೆದು ಒಂದು ಮಾತು ಕೊಟ್ಟಿದ್ದ. “ಮರ್ವಾದೆಯಿಂದ ಇರೋಗಂಟ ನಿಮ್ಮನ್ನ ಇಲ್ಲಿಂದ ಯಾರೂ ಏಳ್ಸಾಕಿಲ್ಲ. ನಾನ್ ಸತ್ ಮೇಲೂ ಅಷ್ಟೇಯ.” ಆಗ ಪಕ್ಕದಲ್ಲಿ ಸಾಕ್ಷಿಯಾಗಿದ್ದವರು ಬೀದಿಯ ಹಿರಿಯರಾದ ಹಾಲಿನ ಡೇರಿಯ ಅಶ್ವತ್ಥಪ್ಪ. ಕಾಗದವಿಲ್ಲ, ಪತ್ರವಿಲ್ಲ. ಆ ಬೀದಿಯ ಹಳೇ ಮನೆತನಗಳಲ್ಲಿ ಸತ್ತವರ ಮಾತು ಮೀರುವವರು ಇರಲಿಲ್ಲ.

ಪೈಪು ಮಾಡಿ ಮುಗಿಸಿದರೆ ಮುಗಿಯುವುದಿಲ್ಲ. ಬಟ್ಟಲಿನ ಒಳಗೋಡೆ ಹಸಿ ಮರ; ಮೊದಲ ಸಲವೇ ತುಂಬಿ ಎಳೆದರೆ ಬೆಂಕಿ ಮರವನ್ನೇ ತಿನ್ನುತ್ತದೆ. ಮೊದಲು ಕಾಲು ಬಟ್ಟಲು, ಮಾರನೆಯ ದಿನ ಅರ್ಧ, ಆಮೇಲೆ ಪೂರ್ತಿ, ಹೀಗೆ ಮೆಲ್ಲಗೆ ಉರಿಸಿ ಒಳಗೆ ತೆಳುವಾದ ಮಸಿಯ ಪದರ ಕೂರಿಸಬೇಕು. ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ, ಬಾಯಲ್ಲಿ ಆಡಿಸಿ ಬಿಡಬೇಕು. ಬೇರೆ ಕಡೆ ಇದನ್ನು ಕೊಂಡವರೇ ಮಾಡಿಕೊಳ್ಳುತ್ತಾರಂತೆ. ನಾಗಲಿಂಗಪ್ಪ ಮಾತ್ರ ತಾನೇ ಮಾಡಿಕೊಡುತ್ತಿದ್ದ. ಹುಣಸೆ ಬೇರು ಹಟಮಾರಿ, ಗೊತ್ತಿಲ್ಲದವರ ಕೈಯಲ್ಲಿ ಸೀಳುತ್ತದೆ ಎನ್ನುವುದು ಅವನ ಭಯ. ಅದಕ್ಕೆ ಅವನಿಟ್ಟ ಹೆಸರು ಪಳಗಿಸುವುದು. ‘ನಾಗಲಿಂಗಪ್ಪನ ಪೈಪು ಮೊದಲ ದಿನವೇ ಹಳೇ ಗೆಳೆಯನ ಹಾಗಿರುತ್ತೆ’ ಎಂಬ ಹೆಸರು ಬಂದದ್ದೂ ಅದರಿಂದಲೇ.

ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ. ಅಷ್ಟರಲ್ಲಿ ಸಂಗವ್ವನಿಗೆ ಕೆಲಸವೆಲ್ಲ ಕೈಗೆ ಬಂದಿತ್ತು. ಬೇರು ಕೊರೆಯುವುದು, ಆರ್.ಟಿ. ನಗರದ ಬಾಚಣಿಗೆ ವ್ಯಾಪಾರಿ ಮೊಹಮ್ಮದ್ ಕೊಡುವ ಎಮ್ಮೆಯ ಕೊಂಬನ್ನು ಬಿಸಿಯೆಣ್ಣೆಯಲ್ಲಿ ಮೆದುಮಾಡಿ ಬಾಯಿಗಿಡುವ ಕೊಳವೆ ಬಗ್ಗಿಸುವುದು, ಉಪ್ಪುಕಾಗದ ಉಜ್ಜುವುದು. ಉಳಿದದ್ದು ಪಳಗಿಸುವುದೊಂದೇ. ಪಕ್ಕದ ಬೀದಿಯ ಬಡಗಿಯೊಬ್ಬನಿಗೆ ಕೊಟ್ಟು ನೋಡಿದಳು. ಬೀಡಿ ಸೇದಿ ಅಭ್ಯಾಸವಿದ್ದ ಅವನು ಉಸಿರು ಕಟ್ಟಿ ಎಳೆದು ತಳ ತೂತು ಮಾಡಿ ತಂದ. ಮೊಹಮ್ಮದನನ್ನು ಕೇಳಿದಾಗ, “ನಮ್ಮನೇವ್ಳು ನನ್ನೇ ಪಳಗಿಸಿಬಿಡ್ತಾಳಕ್ಕಾ, ಬೇಡ” ಎಂದ. ಕೊನೆಗೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ತಾನೇ ಹೊತ್ತಿಸಿದಳು.

ಕೆಮ್ಮಿದ್ದು ಹೊರಗೆ ಕೇಳಿ ಮುನಿಕೆಂಪಮ್ಮಜ್ಜಿ ಬಾಗಿಲು ನೂಕಿದಳು. ಕಣ್ಣಲ್ಲಿ ನೀರು, ಕೈಯಲ್ಲಿ ಪೈಪು, ಗಂಡ ಸತ್ತು ವರ್ಷವಾಗದ ಹೆಂಗಸು. ಅಜ್ಜಿ ಒಂದು ಗಳಿಗೆ ನಿಂತು ನೋಡಿದಳು.

“ಏನಮ್ಮೀ, ಹಸಿ ಸೌದೆ ಒಲೆ ಊದ್ದಂಗೆ ಊದ್ತಿದ್ದೀಯಲ್ಲ. ಊದಾದಲ್ಲ ಕಣೆ, ಎಳೀಬೇಕು.”

“ದೊಡ್ಡವ್ವಾ, ಯಾರಿಗೂ ಹೇಳಬ್ಯಾಡ್ರಿ. ಕೆಲಸ ನಿಂತುಬಿಡತೈತಿ.”

“ನಾನ್ಯಾಕ್ ಏಳ್ಲಿ. ನೀನ್ ಮಾಡ್ಕ. ನಾನ್ ಬಾಕ್ಲಾಗ್ ಕೂತ್ಕತೀನಿ.”

ಹೀಗೆ ಶುರುವಾಯಿತು ಆ ಕಾವಲು. ಅಜ್ಜಿ ಹೊಸ್ತಿಲ ಮೇಲೆ ಕೂತು ಕುಟ್ಟುತ್ತಾಳೆ. ಯಾರಾದರೂ ಬಂದರೆ ಕುಟ್ಟುವುದು ನಿಲ್ಲಿಸುತ್ತಾಳೆ. ಸದ್ದು ನಿಂತರೆ ಒಳಗೆ ಸಂಗವ್ವ ಪೈಪನ್ನು ಸ್ಟ್ಯಾಂಡಿಗಿಟ್ಟು, ಮೇಣ ತಿಕ್ಕಿ ಮೆರುಗು ಕೊಡುವ ಬಫ್ ಯಂತ್ರದ ಗುಂಡಿ ಒತ್ತುತ್ತಾಳೆ. ಮೇಣದ ವಾಸನೆಯಲ್ಲಿ ಹೊಗೆಯ ವಾಸನೆ ಮುಚ್ಚಿಹೋಗುತ್ತದೆ. ಇಬ್ಬರೂ ಕೂತು ಮಾತಾಡಿ ಮಾಡಿದ ಏರ್ಪಾಡೇನಲ್ಲ, ತಾನಾಗಿ ಆದದ್ದು. ಸಂಗವ್ವನ ಸೆರಗಿಗೆ ಹತ್ತುವ ಹೊಗೆಯ ಬಗ್ಗೆ ಯಾರಾದರೂ ಕೇಳಿದರೆ, ಅದು ಕೊಂಬು ಕಾಸುವ ವಾಸನೆ ಎಂದು ಅಜ್ಜಿಯೇ ಮುಂದೆ ಬಿದ್ದು ಹೇಳುತ್ತಿದ್ದಳು.

ಅಜ್ಜಿಗೂ ಅದರಿಂದ ಒಂದು ಸುಖವಿತ್ತು. ಮುನಿಯಲ್ಲಪ್ಪ ಚಿಲುಮೆ ಸೇದುತ್ತಿದ್ದನಂತೆ. “ನಮ್ ಯಜಮಾನ್ರು ಓದ್ಮೇಲೆ ಆ ವಾಸ್ನೆ ಮರ್ತೇ ಓಗಿತ್ತು ಕಣವ್ವಾ,” ಎಂದು ಒಮ್ಮೆ ನನ್ನ ಮುಂದೆಯೇ ಅಂದಿದ್ದಳು. ಬಾಗಿಲ ಸಂದಿಯಿಂದ ಹೊಗೆಯ ಎಳೆಯೊಂದು ಹೊರಬಂದರೆ, ಕುಟ್ಟುತ್ತಲೇ ಕಣ್ಣು ಮುಚ್ಚುತ್ತಿದ್ದಳು. ಸಂಗವ್ವ ಯುಗಾದಿಗೆ ಅವಳಿಗೆ ಮೊದಲ ಒಬ್ಬಟ್ಟು ಕೊಡುತ್ತಿದ್ದಳು. ಕಾಲು ಊದಿಕೊಂಡಾಗ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳೂ ಸಂಗವ್ವನೇ. ಮಗ ಮುನಿರತ್ನನಿಗೆ ಪುರುಸೊತ್ತಿರಲಿಲ್ಲ.

ಮುನಿರತ್ನ ಜಾಗ ನೋಡುವ, ತೋರಿಸುವ ವ್ಯವಹಾರದವನು. ಈಚೆಗೆ ಬಿಲ್ಡರ್ ಒಬ್ಬ ಇಡೀ ಕಾಂಪೌಂಡನ್ನು ಕೇಳಿದ್ದ. ಮನೆ ಒಡೆದು ಫ್ಲ್ಯಾಟ್ ಏಳಿಸುವುದು, ಎರಡು ಫ್ಲ್ಯಾಟ್ ಮನೆಯವರಿಗೆ. ಮೇಲಿನ ಬಾಡಿಗೆಯವರಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಅಡ್ಡವಿದ್ದದ್ದು ಶೆಡ್ಡು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಮಾತು. ಅಶ್ವತ್ಥಪ್ಪ ಖಡಾಖಂಡಿತವಾಗಿ ಹೇಳಿದ್ದರು: “ನಿಮ್ಮಪ್ಪ ನನ್ ಎದುರುಗಡೆ ಮಾತ್ ಕೊಟ್ಟವ್ನೆ. ಆಯಮ್ಮ ಏನ್ ತಪ್ ಮಾಡವ್ಳೆ ಅಂತ ಎಬ್ಬಿಸ್ತೀಯಾ?”

ಅವರು ಕೇಳಿದ ಪ್ರಶ್ನೆಗೆ ಉತ್ತರ ಮುನಿರತ್ನನ ಮನೆಯಲ್ಲೇ ಇತ್ತು. ಅದು ಅವನಿಗೆ ಎಂದು ಸಿಕ್ಕಿತೋ ತಿಳಿಯದು.

ಒಂದು ಮಧ್ಯಾಹ್ನ ಸಂಗವ್ವ ಪಳಗಿಸುತ್ತಿದ್ದದ್ದು ವಿಶ್ವನಾಥರದೇ ಪೈಪು. ಅವರ ಹಳೆಯದರ ತಳ ಸುಟ್ಟಿತ್ತು. ಹೊಸ ಬಟ್ಟಲು ಕೊರೆದು, ಹಳೇ ಕೊಳವೆಯನ್ನೇ ಕೂಡಿಸಿದ್ದಳು. ಅಂದು ಅರ್ಧ ಬಟ್ಟಲಿನ ಸರದಿ. ಹೊರಗೆ ಟಕ್ ಟಕ್ ನಡೆದಿತ್ತು. ಆ ಸದ್ದಿನ ಮೇಲೆ ಕಿವಿಯಿಟ್ಟುಕೊಂಡು, ಕಣ್ಣನ್ನು ಬಟ್ಟಲಿನ ಕೆಂಡದ ಮೇಲಿಟ್ಟು, ಅವಳು ಮೆಲ್ಲಗೆ ಎಳೆಯುತ್ತಿದ್ದಳು. ಸದ್ದು ಒಂದು ಸಲವೂ ತಪ್ಪಲಿಲ್ಲ. ಬಾಗಿಲು ತೆರೆಯಿತು.

ನಾನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಮುನಿರತ್ನ ಮುಂದೆ, ಕೈಯಲ್ಲಿ ಮೊಬೈಲು. ಹಿಂದೆ ಅಶ್ವತ್ಥಪ್ಪ, ಬೀದಿಯ ಇನ್ನಿಬ್ಬರು. ಅಜ್ಜಿ ಹೊಸ್ತಿಲಿಂದ ಬಾಗಿಲು ತೆರೆಯುವಷ್ಟು ಮಾತ್ರ ಪಕ್ಕಕ್ಕೆ ಸರಿದು ಕೂತಿದ್ದಳು. ತಲೆ ತಗ್ಗಿಸಿದ್ದಳು. ಅವರು ಒಳಗೆ ಹೋದ ಮೇಲೂ ಅವಳ ಕೈ ಕುಟ್ಟುತ್ತಲೇ ಇತ್ತು.

ಸಂಗವ್ವ ಗಾಬರಿಯಲ್ಲೂ ಪೈಪನ್ನು ಬಿಸಾಡಲಿಲ್ಲ. ಉರಿಯುತ್ತಿರುವುದನ್ನು ಬಡಿದು ಆರಿಸಿದರೆ ಹೊಸ ಬಟ್ಟಲು ಬಿರುಕುಬಿಡುತ್ತದೆ. ಹೆಬ್ಬೆರಳಿನಿಂದ ಕೆಂಡವನ್ನು ಮೆಲ್ಲಗೆ ಒತ್ತಿ ಸ್ಟ್ಯಾಂಡಿಗಿಟ್ಟಳು. ಆಮೇಲೆ ಸೆರಗು ಹೊದ್ದುಕೊಂಡಳು. ಮೊಬೈಲಿನ ವಿಡಿಯೋದಲ್ಲಿ ಅದು ಬೇರೆ ರೀತಿ ಕಂಡಿತು. ಅಷ್ಟು ಜನ ಬಂದು ನಿಂತರೂ ಸಾವಕಾಶವಾಗಿ ಪೈಪು ಇಟ್ಟವಳು ಎಂದು ಸಂಜೆಗೆ ಬೀದಿಯೆಲ್ಲ ಆಡಿಕೊಂಡಿತು.

“ನೋಡಿದ್ರಲ್ಲ ಅಶ್ವತ್ಥಣ್ಣ,” ಎಂದ ಮುನಿರತ್ನ. “ಬಾಯಲ್ಲಿ ಹೇಳಿದ್ರೆ ನಂಬ್ತಿರಲಿಲ್ಲ ನೀವು.”

ಅಶ್ವತ್ಥಪ್ಪ ನೆಲ ನೋಡಿದರು. “ಏನವ್ವಾ ಇದು?”

“ಕೆಲಸರೀ,” ಎಂದಳು ಸಂಗವ್ವ. “ಇವರಿದ್ದಾಗ ಇವರು ಮಾಡ್ತಿದ್ರು. ಈಗ ನಾ ಮಾಡಾಕತ್ತೀನಿ.”

“ಎಂಥಾ ಕೆಲ್ಸ ಆಂಟಿ? ಬಾರ್‌ನೋನು ಕೂತ್ಕೊಂಡು ಎಲ್ಲಾ ಬಾಟ್ಲಿ ರುಚಿ ನೋಡಿದ್ರೆ ಅದೂ ಕೆಲ್ಸನೇನಾ?”

ಹಿಂದಿದ್ದವನೊಬ್ಬ ನಕ್ಕ.

“ಅಡಿಗಿ ಮಾಡಾಕಿ ಉಪ್ಪು ನೋಡಬಾರದೇನ್ರೀ?”

“ಉಪ್ಪು ನೋಡೋಕೆ ಬಾಗ್ಲು ಹಾಕ್ಕೊಳ್ತಾರಾ?” ಎಂದ ಮುನಿರತ್ನ.

ಆ ಮಾತಿಗೆ ಉತ್ತರ ಬಾಗಿಲಾಚೆ ಕೂತಿದ್ದವಳ ಬಳಿ ಇತ್ತು.

ಸಂಜೆ ಡೇರಿಯ ಮುಂದೆ ಸೇರುವುದೆಂದಾಯಿತು. ಅದಕ್ಕೆ ಮುಂಚೆ ಸಂಗವ್ವ ವಿಶ್ವನಾಥರಿಗೆ ಫೋನು ಹಚ್ಚಿದಳು. ಅವರು ಬಂದು ಇದು ಕಸುಬಿನ ಭಾಗ ಎಂದು ಒಂದು ಮಾತು ಹೇಳಿದರೆ ಅಶ್ವತ್ಥಪ್ಪ ಕೇಳುತ್ತಾರೆ, ದೊಡ್ಡ ಮನುಷ್ಯರ ಮಾತು. ನಾನು ಪಕ್ಕದಲ್ಲೇ ಇದ್ದೆ. ನನಗೂ ಕೇಳಲೆಂದು ಸ್ಪೀಕರ್ ಹಾಕಿದ್ದಳು. ಆ ಕಡೆಯಿಂದ ಬಂದದ್ದು ಇಳಿದ ದನಿ.

“ನನ್ನ ಹೆಸರು ತರಬೇಡ ಸಂಗವ್ವ. ನಾನು ಪೈಪ್ ಬಿಟ್ಟಿದೀನಿ ಅಂತ ಮನೇಲಿ ಹೇಳಿದೀನಿ. ಸೊಸೆ ಡಾಕ್ಟ್ರು. ಗೊತ್ತಾದ್ರೆ ದೊಡ್ಡ ಗಲಾಟೆ.”

“ಮತ್ತ ಇದು, ಈಗ ಮಾಡಾಕತ್ತಿದ್ದು?”

“ಅದು ಅಲ್ಲೇ ಇರಲಿ. ನಾನೇ ಯಾವಾಗಾದ್ರೂ ಬಂದು ತಗೊಂಡು ಹೋಗ್ತೀನಿ. ಈಗ ಇಡ್ಲಾ?”

ಫೋನು ಇಟ್ಟ ಸಂಗವ್ವ ಸ್ಟ್ಯಾಂಡಿನಲ್ಲಿದ್ದ ಪೈಪನ್ನು ನೋಡಿದಳು. ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು ಹೊರಟಳು. ಅಷ್ಟರಲ್ಲೂ ಅವಳಿಗೆ ಒಂದು ಧೈರ್ಯವಿತ್ತು. ಅಂದು ಮಧ್ಯಾಹ್ನ ಹೊಸ್ತಿಲ ಮೇಲೆ ಅಜ್ಜಿಗೆ ಏನೋ ಆಗಿರಬೇಕು. ಮಗ ಹೆದರಿಸಿರಬೇಕು, ಇಲ್ಲವೇ ಬಂದವರನ್ನು ಅವಳು ಗಮನಿಸದೆ ಇದ್ದಿರಬೇಕು. ಎದುರಿಗೆ ನಿಲ್ಲಿಸಿ ಕೇಳಿದರೆ ದೊಡ್ಡವ್ವ ಸುಳ್ಳು ಹೇಳುವವಳಲ್ಲ.

ಡೇರಿಯ ಕಟ್ಟೆಯ ಮೇಲೆ ಹಾಲಿನ ಕ್ಯಾನುಗಳನ್ನು ಸರಿಸಿ ಜಾಗ ಮಾಡಿದ್ದರು. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಹಿಡಿದೇ ನಿಂತರು. ಮುನಿರತ್ನ ವಿಡಿಯೋ ಮತ್ತೊಮ್ಮೆ ತೋರಿಸಲು ಹೊರಟಾಗ ಅಶ್ವತ್ಥಪ್ಪ ಕೈ ಅಡ್ಡ ಹಿಡಿದರು.

“ನೋಡಿದ್ದೀವಲ್ಲ, ಸಾಕು ಇಕ್ಕಪ್ಪ. ಸಂಗವ್ವಾ, ನೀನೇನ್ ಏಳ್ತೀಯಾ?”

“ನಾ ಕದ್ದು ಮಾಡಿಲ್ರಿ. ದೊಡ್ಡವ್ವಗ ಮೊದಲಿಂದ ಗೊತ್ತೈತಿ. ಆಕಿನ್ನ ಕೇಳ್ರಿ. ದಿನಾ ಬಾಗಲದಾಗ ಕೂತು ನನ್ನ ಕಾದಾಕಿ ಆಕಿ.”

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಎಲೆಅಡಿಕೆಯ ರಸವನ್ನು ಕಟ್ಟೆಯಿಂದಾಚೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

“ನಂಗೇನ್ ಗೊತ್ತಪ್ಪಾ. ಮನೆ ಒಳಗೆ ಸೆಕೆ ಅಂತ ಅಲ್ ಕೂತು ಎಲೆ ಕುಟ್ಕಂತಿದ್ದೆ. ಬಾಕ್ಲಾಕಂಡ್ ಒಳಗೆ ಯಾರ್ ಏನ್ ಮಾಡ್ತಾರೆ ಅಂತ ನಾನ್ ಎಂಗ್ ಏಳ್ಲಿ.”

“ವಾಸ್ನೆ ಬರ್ತಿರ್ಲಿಲ್ವಾ ಅಜ್ಜೀ?” ಎಂದು ಹಾಲಿನ ಹೆಂಗಸೊಬ್ಬಳು ಕೆಣಕಿದಳು.

“ಕೊಂಬು ಕಾಸ್ತಾವ್ಳೆ ಅಂತಿದ್ಲು. ನಂಬ್ಕಂಡಿದ್ದೆ.”

ತಾನೇ ಹುಟ್ಟಿಸಿದ ಸುಳ್ಳನ್ನು ಅಜ್ಜಿ ಸಂಗವ್ವನ ಬಾಯಿಗೆ ಹಾಕಿದ್ದಳು. ಸಂಗವ್ವ ಅವಳ ಮುಖವನ್ನೇ ನೋಡುತ್ತ ನಿಂತಳು. ಅಜ್ಜಿಯ ಕಣ್ಣು ಕ್ಯಾನುಗಳ ಮೇಲಿತ್ತು. ನಮಗೆ ಹೇಳಲು ಇನ್ನೂ ಏನೇನೋ ಇತ್ತು, ಹೊಗೆಗೆ ಅಜ್ಜಿ ಕಣ್ಣು ಮುಚ್ಚುತ್ತಿದ್ದ ಸಂಗತಿ, ಮುನಿಯಲ್ಲಪ್ಪನ ಚಿಲುಮೆಯ ಸಂಗತಿ. ಸಾಕ್ಷಿ ಹೇಳುವೆನೆಂದು ನಾನು ಒಂದು ಹೆಜ್ಜೆ ಮುಂದಿಟ್ಟಾಗ ಸಂಗವ್ವ ನನ್ನ ಮುಂಗೈ ಹಿಡಿದು ಹಿಂದಕ್ಕೆಳೆದಳು.

“ಬ್ಯಾಡವಾ. ಆಕಿ ಅಲ್ಲ ಅಂದ ಮ್ಯಾಲ ಮುಗೀತು.”

ಅಶ್ವತ್ಥಪ್ಪ ಎದ್ದು ನಿಂತು, ಯಾರನ್ನೂ ನೋಡದೆ, ಅಮಾವಾಸ್ಯೆ ಕಳೆಯುವುದರೊಳಗೆ ಶೆಡ್ಡು ಬಿಡಬೇಕೆಂದರು. ಸತ್ತವನ ಮಾತನ್ನು ಯಾರೂ ಮೀರಿದಂತಾಗಲಿಲ್ಲ. ಮರ್ಯಾದೆಯಿಂದ ಇರುವತನಕ ಎಂದಷ್ಟೇ ಅವನು ಹೇಳಿದ್ದು.

ಮುಂದಿನ ದಿನಗಳಲ್ಲಿ ಅಜ್ಜಿ ತನ್ನ ಮನೆಯ ಜಗಲಿಯ ಮೇಲೆಯೇ ಕೂತು ಕುಟ್ಟಿದಳು. ಸಂಗವ್ವ ಶೆಡ್ಡಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕೈಯಲ್ಲಿದ್ದ ಪೈಪುಗಳನ್ನು ಬೀದಿಗೆ ಕಾಣುವಂತೆಯೇ ಪಳಗಿಸಿ ಮುಗಿಸಿದಳು. ಶಾಲೆಯಿಂದ ಬರುವ ಹುಡುಗಿಯರು ನಿಂತು ನೋಡಿ ಹೋಗುತ್ತಿದ್ದರು. ವಿಶ್ವನಾಥರ ಪೈಪನ್ನೂ ಮೇಣ ತಿಕ್ಕಿ, ಹಳೇ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿಟ್ಟಳು.

“ಜಾಗಾ ಹೋಗೂದು ಇರತೈತಿ, ಬಾಡಿಗಿ ಜಾಗಾ,” ಎಂದು ಒಂದು ದಿನ ಉಪ್ಪುಕಾಗದ ಉಜ್ಜುತ್ತ ಹೇಳಿದಳು. “ನನಗ ತಿಳೀವಲ್ದದ್ದು ಏನಂದ್ರ, ಯಾವಾಗಿಂದ ಅಂತ. ಆಸ್ಪತ್ರಿಗೆ ನನ್ನ ಹೆಗಲ ಮ್ಯಾಲ ಕೈ ಹಾಕ್ಕೊಂಡು ಬಂದ್ಲಲ್ಲ, ಅವತ್ತೇ ಮಗನ ಜೋಡಿ ಮಾತಾಗಿತ್ತೇನು? ಯುಗಾದಿ ಒಬ್ಬಟ್ಟು ತಿಂದಾಗ? ಅದರ ಹಿಂದಿನ ದಿನಕ್ಕ ಹೋಗ್ತೀನಿ, ಅದರ ಹಿಂದಿನ ದಿನಕ್ಕ ಹೋಗ್ತೀನಿ, ಎಲ್ಲೆ ನಿಲ್ಲಬೇಕು ಗೊತ್ತಾಗವಲ್ದು. ಒಂದು ದಿನಾನೂ ನಂದು ಅಂತ ಉಳೀವಲ್ದು.”

ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಮರದ ಹುಡಿಯನ್ನು ಉಫ್ ಎಂದು ಊದಿ ಮುಂದಿನ ಬಟ್ಟಲು ಎತ್ತಿಕೊಂಡಳು.

ಹೊಸ ಜಾಗ ಮೊಹಮ್ಮದನ ಬಾಚಣಿಗೆ ಅಂಗಡಿಯ ಹಿಂದಿನ ಕೋಣೆ. ಅವನ ಹೆಂಡತಿಯೇ ಗೋಡೆಗೆ ಸುಣ್ಣ ಬಳಿಸಿದ್ದಳಂತೆ. ಆ ಜಾಗ ಎಲ್ಲೆಂದು ಸಂಗವ್ವ ನನಗೊಬ್ಬಳಿಗೇ ಹೇಳಿದ್ದಳು, ಹೇಳುವ ಮುಂಚೆ ಬಾಗಿಲಾಚೆ ಒಮ್ಮೆ ನೋಡಿ. ಅವಳಲ್ಲಿ ಅಂಥ ಅಭ್ಯಾಸ ಮೊದಲು ಇರಲಿಲ್ಲ.

ಬೆಳಿಗ್ಗೆ ಗೂಡ್ಸ್ ಆಟೋ ಬಂತು. ಲೇತನ್ನು ಬಿಚ್ಚಿ ಮೂರು ತುಂಡು ಮಾಡಿ ಹೇರಿದರು. ಬೇರಿನ ಗಂಟುಗಳ ಗೋಣಿ, ಬಫ್ ಯಂತ್ರ, ಎಣ್ಣೆಯ ಬಾಣಲೆ. ಕೊನೆಗೆ ಉಳಿದದ್ದು ಉಳಿ, ಬೈರಿಗೆಗಳ ತಗಡಿನ ಡಬ್ಬಿ. ಅದನ್ನು ಎತ್ತಿಕೊಳ್ಳಲು ಸಂಗವ್ವ ಒಳಗೆ ಬಗ್ಗಿದ್ದಾಗ ಅಜ್ಜಿ ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಬಂದಳು.

“ಕುಡ್ಕಂಡ್ ಓಗವ್ವಾ. ಬಿಸ್ಲು.”

“ಬ್ಯಾಡ್ರಿ ಅಮ್ಮಾರ.”

ದೊಡ್ಡವ್ವ ಎನ್ನುವ ಬಾಯಲ್ಲಿ ಅಮ್ಮಾರ ಎಂಬುದು ಬಂದದ್ದು ಅಜ್ಜಿಗೆ ತಾಗಿತು. ಚೊಂಬನ್ನು ಹೊಸ್ತಿಲ ಮೇಲಿಟ್ಟು, ಗೋಡೆ ಹಿಡಿದು ಅಲ್ಲೇ ಕುಳಿತಳು.

“ಕ್ವಾಪ ಮಾಡ್ಕಬ್ಯಾಡ ಕಣೆ. ಅವ್ನು ದಿನಾ ಒಂದೇ ಸಮ ಪ್ರಾಣ ತಿಂತಿದ್ದ. ಮೊಮ್ಮಕ್ಳಿಗೆ ಮನೆ ಬ್ಯಾಡ್ವಾ ಅಂದ. ನೀನೇನೂ ಮಾಡ್ಬ್ಯಾಡ, ಕುಟ್ತಾನೇ ಇರು ಅಂದ. ಕುಟ್ದೆ. ನಾನೇನ್ ಬಾಯ್ಬಿಟ್ ಏಳ್ಳಿಲ್ಲ ನೋಡು, ನನ್ ತಾಯಾಣೆ.”

ಸಂಗವ್ವ ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿದಳು.

“ಡೇರಿ ತಾವ ಅಂಗ್ ಅಂದಿದ್ದು, ಜನದ್ ಮುಂದೆ ಏನನ್ಲಿ ಏಳು. ನಂಗೂ ಈ ಊರಾಗೆ ಸಾಯ್ಬೇಕಲ್ಲ.”

“ಹೌದ್ರಿ.”

“ಎಲ್ಲಿಗ್ ಓಗ್ತಿದ್ದೀಯಾ, ಅದಾದ್ರೂ ಏಳವ್ವಾ. ಒಂದಿನ ಆಟೋ ಮಾಡ್ಕಂಡ್ ಬತ್ತೀನಿ. ಸುಮ್ಕೆ ಕೂತಿದ್ದು ಬತ್ತೀನಿ. ಆ ವಾಸ್ನೆ ಇಲ್ದೆ ಮಧ್ಯಾನ ಒತ್ತೇ ಓಗಾಕಿಲ್ಲ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮುದಿ ಮುಖವನ್ನು ಮೇಲೆತ್ತಿ, ಕೇಳಿದ್ದು ಸಿಕ್ಕೇ ಸಿಗುತ್ತದೆ ಎನ್ನುವ ಹಾಗೆ ಕಾದಿದ್ದಳು. ಅಷ್ಟು ವರ್ಷ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ರೂಢಿಯಾಗಿದ್ದ ಸಂಗವ್ವನ ಬಾಯಿ ತಾನಾಗಿ ತೆರೆಯಿತು.

“ದೂರ ಏನಲ್ರಿ. ಆರ್.ಟಿ. ನಗರದಾಗ ಇಳದು, ಬಸ್ ಸ್ಟಾಪಿನ ಹಿಂದ ಒಂದು ಓಣಿ ಐತೆಲ್ಲ, ಅದರಾಗ ಎರಡನೇ...”

“ಆಂ, ಎಲ್ಡನೇದು?” ಎಂದು ಅಜ್ಜಿ ಕಿವಿ ಮುಂದೆ ಮಾಡಿದಳು.

ಸಂಗವ್ವ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು, ಅಜ್ಜಿಯ ಕಾಲು ತಗಲದಂತೆ ಹೊಸ್ತಿಲು ದಾಟಿ, ಆಟೋದ ಕಡೆಗೆ ನಡೆದಳು.